ಶಂಕ್ರೆವ್ವನ ಉಡಿಗೆ ಬಿದ್ದದ್ದು

ಮುದ್ದೇಬಿಹಾಳದ ನಮ್ಮ ಸಂಗಮೇಶ್ವರ ನಗರದಲ್ಲಿ ಬೆಳಗಾದರೆ ಮೊದಲು ಕಿವಿಗೆ ಬೀಳುವುದು ಶಂಕ್ರೆವ್ವ ರೊಟ್ಟಿ ಬಡಿಯುವ ಸಪ್ಪಳ. ಇಪ್ಪತ್ತು ವರ್ಷ ಆ ಸಪ್ಪಳ ಕೇಳಿಯೇ ನಾನು ಹಾಸಿಗೆ ಬಿಟ್ಟಿದ್ದೇನೆ. ಆಕೆಯ ಕಡಕ್ ರೊಟ್ಟಿ ಬಾಗೇವಾಡಿ, ಸಿಂದಗಿ ಕಡೆಯ ಮದುವೆಗಳಿಗೂ ಹೋಗುತ್ತಿದ್ದವು. ತೆಳ್ಳಗೆ, ದುಂಡಗೆ, ಒಂದರ ಮೇಲೊಂದು ಪೇರಿಸಿದರೆ ಅಂಚು ಆಚೀಚೆ ಆಗುತ್ತಿರಲಿಲ್ಲ. ಆಕೆಯ ಮಾತು ರೊಟ್ಟಿಗಿಂತ ಕಡಕ್. ಒಮ್ಮೆ ನಾನು ದೊಡ್ಡಸ್ತಿಕೆಯಿಂದ, ರೊಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದೆ.

"ಜ್ವಾಳದ ರೊಟ್ಟಿಗಿ ಉಪ್ಪು ಯಾರ ಹಾಕ್ತಾರ್ರಿ ಮಾಸ್ತರ್ರ? ಮದ್ಲ ಹೋಗಿ ನಾಲಿಗಿ ತೊಳ್ಕೊಂಡ ಬರ್ರಿ" ಎಂದಳು. ನನ್ನ ಹೆಂಡತಿ ವಿಜಯಶ್ರೀ ಎರಡು ದಿನ ಅದನ್ನೇ ಹೇಳಿ ಹೇಳಿ ನಕ್ಕಳು.

ತಂಗಡಗಿಯ ಹೊಳೆದಂಡೆಯ ಮನೆಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಶ್ರೀಶೈಲನ ಕೈ ಹಿಡಿದು ಬಂದವಳು. ಶ್ರೀಶೈಲ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸಗಾರ. ಬೋರಿನ ಮೋಟಾರು ಸುಟ್ಟಿತೆಂದರೆ ಸುತ್ತಲಿನ ಹತ್ತು ಹಳ್ಳಿಯವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಒಂದು ಸುತ್ತು ತಪ್ಪದಂತೆ ಕೂರಿಸುವ ಕೈ ಅದು. ಆ ಕೈ ಮೊದಲು ಸಂಜೆಗೆ ಗ್ಲಾಸು ಹಿಡಿಯಿತು, ಆಮೇಲೆ ಬೆಳಿಗ್ಗೆಯೂ ಹಿಡಿಯಿತು, ಕೊನೆಗೆ ಗ್ಲಾಸು ಸಿಗದಿದ್ದರೆ ನಡುಗತೊಡಗಿತು. ಅಂಗಡಿಗೆ ಬೀಗ ಬಿತ್ತು.

ಎರಡು ಸಲ ಶಂಕ್ರೆವ್ವ ಅವನನ್ನು ವಿಜಯಪುರದ ಕಡೆಯ ಕುಡಿತ ಬಿಡಿಸುವ ಕೇಂದ್ರಗಳಿಗೆ ಸೇರಿಸಿದಳು. ಎರಡೂ ಸಲ ವಾರ ತುಂಬುವುದರೊಳಗೆ ಗೋಡೆ ಹಾರಿ, ಬಸ್ಸು ಹತ್ತಿ ಬಂದ. ಅಷ್ಟು ದೂರದಲ್ಲಿ, ಗುರುತಿಲ್ಲದವರ ನಡುವೆ ಸತ್ತುಹೋಗುತ್ತೇನೆಂಬ ಭಯ ಅವನಿಗೆ. ಲಿವರ್ ಬಹಳ ಕೆಟ್ಟಿದೆ, ಈಗಲೇ ಬಿಡದಿದ್ದರೆ ವರ್ಷ ಕಾಣುವುದು ಕಷ್ಟ ಎಂದು ಡಾಕ್ಟರು ಮುಖಕ್ಕೇ ಹೇಳಿದರು.

ಅದೇ ಹೊತ್ತಿಗೆ ಇಸ್ಮಾಯಿಲಸಾಬರು ಒಂದು ಕೆಲಸಕ್ಕೆ ಕೈ ಹಾಕಿದರು. ಅವರು ಸರಕಾರಿ ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದವರು, ಕುಡಿದು ಸಾಯುವವರನ್ನು ಕಣ್ಣಾರೆ ಕಂಡವರು. ನಮ್ಮ ಓಣಿಯ ತುದಿಯಲ್ಲಿ ಖಾಲಿ ಬಿದ್ದಿದ್ದ ತಮ್ಮ ಇನ್ನೊಂದು ಮನೆಯನ್ನು, ಹಿಂದಿನ ಜಾಗದ ಸಮೇತ, ಕುಡಿತ ಬಿಡಿಸುವ ಕೇಂದ್ರಕ್ಕೆ ಬಿಟ್ಟುಕೊಟ್ಟರು. ಡಾಕ್ಟರೊಬ್ಬರು ಒಪ್ಪಿಕೊಂಡರು, ಮಂಚಗಳೂ ಬಂದವು. ಆದರೆ ಅದು ವಸತಿಗೆಂದು ಗುರುತಿಸಿದ ಜಾಗ. ಬೇರೆ ಉಪಯೋಗಕ್ಕೆ ಬದಲಾಯಿಸಲು ಪರವಾನಗಿ ಬೇಕು. ತಕರಾರು ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕೆಂದು, ಆಮೇಲೆ ವಿಚಾರಣೆ ನಡೆಯುವುದೆಂದು ಪೇಪರಿನಲ್ಲಿ ನೋಟಿಸು ಬಂತು.

ಓಣಿಗೆ ಬೆಂಕಿ ಬಿದ್ದಂತಾಯಿತು. ನಮ್ಮ ಮುಖಂಡ ರೇವಪ್ಪ ಮನೆಮನೆಗೆ ಓಡಾಡಿದ. ಊರ ಕುಡುಕರೆಲ್ಲ ನಮ್ಮ ಅಂಗಳಕ್ಕೆ ಬಂದು ಬೀಳುತ್ತಾರೆ, ಹೆಣ್ಣುಮಕ್ಕಳು ಹೊರಗೆ ಕಾಲಿಡುವಂತಿಲ್ಲ, ಮನೆಗಳನ್ನು ಯಾರೂ ಕೊಳ್ಳುವುದಿಲ್ಲ, ಹೀಗೆ. ಓಣಿಯ ಅರ್ಜಿಗಳನ್ನೆಲ್ಲ ಬರೆಯುವವನು ನಾನು. ನಳದ ನೀರಿಗೆ, ಬೀದಿ ದೀಪಕ್ಕೆ, ಗಟಾರಕ್ಕೆ, ಎಲ್ಲದಕ್ಕೂ ನನ್ನದೇ ಕನ್ನಡ. ಆ ತಕರಾರು ಅರ್ಜಿಯನ್ನೂ ನಾನೇ ಬರೆದೆ, ಎರಡು ಪುಟ. ‘ಮದ್ಯವ್ಯಸನಿಗಳ ಸಂಚಾರದಿಂದ ಸಭ್ಯ ಕುಟುಂಬಗಳ ಮಾನ ಮತ್ತು ನೆಮ್ಮದಿಗೆ ಧಕ್ಕೆ’ ಎಂಬ ಸಾಲಿಗೆ ರೇವಪ್ಪ ತೊಡೆ ತಟ್ಟಿದ. ನಾನು ಉಬ್ಬಿಹೋದೆ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯನ ಬುದ್ಧಿ ಇಷ್ಟು.

ಸಹಿ ತುಂಬುತ್ತ ಬಂದಾಗ ರೇವಪ್ಪ ನನ್ನ ಕಿವಿಯಲ್ಲಿ ಹೇಳಿದ: "ಶಂಕ್ರೆವ್ವಂದೂ ಒಂದ ಸಹಿ ಹಾಕಸ್ರಿ ಮಾಸ್ತರ್ರ. ಕುಡುಕನ ಹೇಣ್ತೀನ ಬ್ಯಾಡ ಅಂದ್ಳಂದ್ರ ಅರ್ಜಿಗಿ ತೂಕ ಬರ್ತೈತಿ."

ಮರುದಿನ ಆಕೆ ರೊಟ್ಟಿ ಕೊಡಲು ಬಂದಳು. ನಾನು ಕೊನೆಯ ಹಾಳೆ ಮುಂದೆ ಹಿಡಿದು, "ಒಂದ ಸಹಿ ಹಾಕ ತಂಗಿ, ಓಣಿ ಕೆಲಸ ಐತಿ" ಎಂದೆ. ಕೈಗಂಟಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಏನೆಂದು ಕೇಳದೆ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಆ ಅಕ್ಷರ ಕಲಿಸಿದವನೂ ನಾನೇ, ವಯಸ್ಕರ ಶಿಕ್ಷಣದ ತರಗತಿಯಲ್ಲಿ.

ನಾಲ್ಕು ದಿನ ಬಿಟ್ಟು ಆಕೆ ನಮ್ಮ ಕಟ್ಟೆಯ ಮುಂದೆ ನಿಂತಿದ್ದಳು. ರೊಟ್ಟಿಯ ಬುಟ್ಟಿ ಇರಲಿಲ್ಲ.

"ಇಸ್ಮಾಯಿಲಣ್ಣ ಹೇಳಿದ್ರು. ಆ ತಕರಾರಿನ್ಯಾಗ ನನ್ನ ಹೆಸರೂ ಐತಂತ. ಖರೇ ಏನ್ರಿ?"

"ಐತಿ" ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತಳು. "ಅವ ತಾನಾಗೇ ಹೂಂ ಅಂದಾನ್ರಿ. ಮದ್ಲನೇ ಸಲ. ‘ಇಸ್ಮಾಯಿಲಣ್ಣನ ಮನ್ಯಾಗ ಆದ್ರ ಇರ್ತೇನಿ, ಅಲ್ಲಿಗಿ ನಿನ್ನ ರೊಟ್ಟಿ ಬಡಿಯೋ ಸಪ್ಪಳ ಕೇಳಸ್ತೈತಿ’ ಅಂದ. ಈ ಒಂದ ಮಾತಿಗಿ ನಾ ಎಷ್ಟ ವರ್ಷ ಕಾದೇನಿ ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಆದರೂ ನಾನು ಕಚೇರಿಯ ಗುಮಾಸ್ತನಂತೆ ಮಾತಾಡಿದೆ. ಒಬ್ಬಳ ಹೆಸರು ತೆಗೆದರೆ ಏನೂ ಆಗುವುದಿಲ್ಲ, ಸಹಿ ಹಾಕಿದವರೆಲ್ಲ ಹಿಂದೆ ತೆಗೆದುಕೊಳ್ಳಬೇಕು ಎಂದೆ.

"ಹಂಗಾರ ಅದನ್ನೂ ನೀವ ಬರದ ಕೊಡ್ರಿ."

ಬರೆದುಕೊಟ್ಟೆ. ತಕರಾರಿಗೆ ಎರಡು ಪುಟ ಬರೆದಿದ್ದವನು ಇದಕ್ಕೆ ಮೂರೇ ಸಾಲು ಬರೆದೆ. ಕೆಳಗೆ ಮೊದಲು ಆಕೆಯೇ ಸಹಿ ಮಾಡಿದಳು.

ಮರುದಿನ ಶುಕ್ರವಾರ. ಶಂಕ್ರೆವ್ವ ತಲೆಗೆ ಎರೆದುಕೊಂಡು, ಮದುವೆಯ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು, ಸೆರಗೊಡ್ಡಿ ಮನೆಮನೆಯ ಬಾಗಿಲಿಗೆ ನಿಂತಳು. ಒಂದು ಕೈಯಲ್ಲಿ ಆ ಕಾಗದ. "ನನ್ನ ಗಂಡನ್ನ ಉಳಿಸಿ ಕೊಡ್ರಿ" ಎಂಬ ಒಂದೇ ಮಾತು.

ನಮ್ಮ ಕಡೆ ಮುತ್ತೈದೆ ಸೆರಗೊಡ್ಡಿ ಬಂದರೆ ಬರಿದಾಗಿ ಕಳಿಸುವ ರೂಢಿಯಿಲ್ಲ. ಯಾರೂ ಕಳಿಸಲಿಲ್ಲ. ರೇವಪ್ಪನ ಹೆಂಡತಿ ಇಂದುಬಾಯಿ ಆಕೆಯನ್ನು ಮಣೆಯ ಮೇಲೆ ಕೂರಿಸಿ, ಉಡಿಯಲ್ಲಿ ಜೋಳ, ಕೊಬ್ಬರಿ ಬಟ್ಟಲು, ಕುಪ್ಪಸಕ್ಕೊಂದು ಗುಳೇದಗುಡ್ಡದ ಖಣ ಹಾಕಿ, "ನಿನ್ನ ಮುತ್ತೈದಿತನ ಗಟ್ಟಿ ಇರಲಿ" ಎಂದು ಹರಸಿದಳು. ಕಾಗದವನ್ನು ಮಾತ್ರ ಮುಟ್ಟಲಿಲ್ಲ. ಅವರ ಪಕ್ಕದ ಮನೆಯ ಶಮ್ಶುನ್ನೀಸಾ ಅತ್ತೇಬಿಟ್ಟಳಂತೆ. ಆಕೆಯೂ ಜೋಳ ಹಾಕಿ, ಖಣ ಇಟ್ಟು, "ಅಲ್ಲಾ ಅವರಿಗಿ ಆಯುಷ್ಯ ಕೊಡ್ಲಿ. ನಮ್ಮನ್ಯಾಗ ಎರಡ ಹೆಣ್ಣ ಅದಾವ ತಂಗಿ, ಸಹಿ ಒಂದ ಕೇಳಬ್ಯಾಡ" ಎಂದಳಂತೆ. ಹೀಗೆ ಹತ್ತು ಮನೆ. ಎಲ್ಲರೂ ಒಳ್ಳೆಯವರು, ಎಲ್ಲರ ಕಣ್ಣಲ್ಲೂ ನೀರು.

ಹನ್ನೊಂದನೆಯದು ನಮ್ಮ ಮನೆ. ಉಡಿಯ ಭಾರಕ್ಕೆ ಆಕೆಯ ನಡು ಬಾಗಿತ್ತು. ವಿಜಯಶ್ರೀ ಐದು ಹಿಡಿ ಜೋಳ ಹಾಕಿ ಹಸಿರು ಖಣವೊಂದನ್ನು ಇಟ್ಟಳು. ಶಂಕ್ರೆವ್ವ ನನ್ನ ಕಡೆ ಕಾಗದ ಚಾಚಿದಳು. ಅದರಲ್ಲಿ ಆಕೆಯ ಸಹಿಯ ಕೆಳಗೆ ಏನೂ ಇರಲಿಲ್ಲ. ನನ್ನ ಅಂಗಿಯ ಜೇಬಿನಲ್ಲಿ ಪೆನ್ನಿತ್ತು. ನಾನು ಮೊದಲು ಹಾಕಿದರೆ ನಾಲ್ಕು ಜನ ಹಾಕುತ್ತಿದ್ದರು. ಆದರೆ ಬರೆದವನೇ ತಿರುಗಿಬಿದ್ದ ಎಂದು ರೇವಪ್ಪ ಓಣಿ ತುಂಬ ಆಡಿಕೊಳ್ಳುತ್ತಾನಲ್ಲ ಎಂದು ನನಗೆ ನಾಚಿಕೆ. ಒಬ್ಬನ ಜೀವಕ್ಕಿಂತ ನನ್ನ ಮರ್ಯಾದೆ ಆಗ ದೊಡ್ಡದಾಗಿ ಕಂಡಿತು.

"ನೋಡೂಣು ತಂಗಿ, ವಿಚಾರಣಿ ದಿವಸ ಮಾತಾಡೂಣು" ಎಂದೆ.

ಆಕೆ ತನ್ನ ಉಡಿ ನೋಡಿಕೊಂಡಳು. "ಇಷ್ಟ ಜ್ವಾಳ ತಗೊಂಡ ನಾ ಏನ ಮಾಡ್ಲಿರಿ ಮಾಸ್ತರ್ರ? ಜ್ವಾಳ ನನ್ನ ಮನ್ಯಾಗ ಬೇಕಾದಷ್ಟ ಐತಿ."

ವಿಚಾರಣೆಯ ದಿನ ಇಸ್ಮಾಯಿಲಸಾಬರು ಮಾತಾಡಿದರು, ರೇವಪ್ಪ ಕೂಗಾಡಿದ. ಆಮೇಲೆ ಶಂಕ್ರೆವ್ವ ಎದ್ದು, ಕೇಂದ್ರ ಆಗಲೇಬೇಕು ಎಂದಳು. ಪರವಾನಗಿ ಕೊಡುವ ಸಾಹೇಬರು ಕಡತ ತಿರುವಿ, ಹೆಸರು ಕೇಳಿ, ಬೆರಳಿಟ್ಟು ಹುಡುಕಿದರು.

"ಮೊದಲು ಬೇಡ ಅಂತ ನೀವೇ ಸಹಿ ಮಾಡಿದ್ದೀರಲ್ಲಮ್ಮ. ಈಗ ಬೇಕು ಅಂತೀರಿ. ಯಾರಾದರೂ ಹೇಳಿಕೊಟ್ಟರೇನು?"

ರೇವಪ್ಪನ ಕಡೆಯವರು ನಕ್ಕರು. ಆಕೆ ತಿರುಗಿ ನನ್ನನ್ನು ನೋಡಿದಳು. ಶಾಲೆಯಲ್ಲಿ ಉತ್ತರ ಮರೆತ ಹುಡುಗಿ ಮಾಸ್ತರನ ಮುಖ ನೋಡುವಂತೆ ನೋಡಿದಳು. ಆ ಸಹಿ ನಾನೇ ಮೋಸದಿಂದ ಹಾಕಿಸಿದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಚಷ್ಮಾ ತೆಗೆದು ಒರೆಸುತ್ತ ಕೂತೆ. ಹದಿನೈದು ದಿನಕ್ಕೆ ಪರವಾನಗಿ ಇಲ್ಲವೆಂದು ಪತ್ರ ಬಂತು. ರೇವಪ್ಪ ಪೇಡೆ ಹಂಚಿದ. ನಾನೂ ಒಂದು ತಿಂದೆ.

ಇಸ್ಮಾಯಿಲಸಾಬರು ಶ್ರೀಶೈಲನನ್ನು ಮತ್ತೆ ವಿಜಯಪುರಕ್ಕೆ ಕರೆದೊಯ್ಯಲು ಬಹಳ ಹೆಣಗಿದರು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಡಲೇ ಇಲ್ಲ. ಐದನೆಯ ತಿಂಗಳಿಗೆ ಹೊಟ್ಟೆ ಊದಿಕೊಂಡಿತು, ಕಣ್ಣುಗಳು ಅರಿಶಿನದ ಬಣ್ಣಕ್ಕೆ ತಿರುಗಿದವು. ಒಂದು ಮಧ್ಯಾಹ್ನ, ಶಂಕ್ರೆವ್ವ ರೊಟ್ಟಿ ಬಡಿಯುತ್ತಿದ್ದಾಗಲೇ, ರಕ್ತ ಕಾರಿ ಹೋದ. ಮಣ್ಣು ಕೊಡಲು ಇಡೀ ಓಣಿ ಬಂದಿತ್ತು. ಉಡಿ ತುಂಬಿದ್ದ ಹೆಂಗಸರೆಲ್ಲ ಸುತ್ತ ಕೂತು ಅತ್ತರು. ನನಗೆ ಆಕೆಯ ಎದುರು ಹೋಗುವ ಧೈರ್ಯ ಬರಲಿಲ್ಲ.

ದಿನಕರ್ಮ ಮುಗಿದ ಮರುದಿನ ಆಕೆಯೇ ಬಂದಳು. ಹೋದ ಸಲ ಕೊನೆಗೆ ನಮ್ಮ ಮನೆಗೆ ಬಂದಿದ್ದವಳು ಈ ಸಲ ಮೊದಲು ಇಲ್ಲಿಗೇ ಬಂದಳು. ಹಣೆ ಬರಿದಾಗಿತ್ತು. ಕೈಯಲ್ಲಿ ಒಂದು ಚೀಲ. ಅದರೊಳಗೆ ಹನ್ನೊಂದು ಖಣ, ಕೊಟ್ಟಾಗಿನ ಮಡಿಕೆ ಬಿಚ್ಚದೆ ಹಾಗೇ ಇದ್ದವು. ಹುಡುಕಿ ನಮ್ಮ ಹಸಿರು ಖಣ ತೆಗೆದು ವಿಜಯಶ್ರೀಯ ಕೈಗಿಟ್ಟಳು.

"ಮುತ್ತೈದಿಗಿ ಕೊಟ್ಟಿದ್ರಿ ಅಕ್ಕಾರ. ಅವ ಚಲೋ ಆದ ಮ್ಯಾಲ ಹೊಲಿಸ್ಕೊಂಡ್ರಾತು ಅಂತ ಇಟ್ಟಿದ್ದೆ."

ವಿಜಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಏನೋ ಹೇಳಬೇಕೆಂದು ಎದ್ದೆ. ತಪ್ಪಾಯಿತು ತಂಗಿ ಎನ್ನಬೇಕಾದವನು, ಕುಂದ್ರ ತಂಗಿ ಎಂದೆ. ಆಕೆ ನನ್ನನ್ನು ನೇರವಾಗಿ ನೋಡಿದಳು.

"ಜ್ವಾಳ ತಿರುಗಿ ಕೊಡಾಕ ಇಲ್ರಿ ಮಾಸ್ತರ್ರ. ಅದನ್ನ ಆವಾಗ ಬೀಸಿಸಿ, ರೊಟ್ಟಿ ಮಾಡಿ, ನಿಮ್ಮ ನಿಮ್ಮ ಮನಿಗೇ ಕೊಟ್ಟೇನಿ. ನೀವೆಲ್ಲಾರೂ ತಿಂದೀರಿ."

ಹಾಗೆ ಹೇಳಿ, ಚೀಲ ಎತ್ತಿಕೊಂಡು ರೇವಪ್ಪನ ಮನೆಯ ಕಡೆ ನಡೆದಳು.