ಕುಡಿಯದೆ ಇಟ್ಟ ಕಾಫಿ

ತಂದೆಯನ್ನು ಹಿರಿಯ ಮಗನ ಹೆಸರಿನಿಂದ ಕರೆಯುವುದು ನಮ್ಮ ಪ್ಯಾಲೆಸ್ಟೀನಿಗಳ ರೂಢಿ. ಹೀಗಾಗಿ ಕಲ್ಲುಕುಟಿಗ ಝಿಯಾಬ್ ಊರಿಗೆಲ್ಲ ಅಬು ವಸ್ಫಿ, ಅಂದರೆ ವಸ್ಫಿಯ ಅಪ್ಪ. ಹದಿನಾರರ ವಸ್ಫಿಯನ್ನು ಸೈನಿಕರು ಹಾಸಿಗೆಯಿಂದ ಎಬ್ಬಿಸಿ ಒಯ್ದು ಏಳು ತಿಂಗಳಾಗಿತ್ತು. ಆರೋಪವೇನೆಂದು ಯಾರೂ ತಿಳಿಸಿರಲಿಲ್ಲ. ಅಂದಿನಿಂದ ಬೀದಿಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವರು ಒಂದು ಕ್ಷಣ ತಡೆದು ತಿರುಗುತ್ತಿದ್ದರು. ಮಗನ ಉಳಿಯನ್ನು ದಿನವೂ ಮಸೆದಿಡುತ್ತಿದ್ದರು. ಬಳಸದ ಉಳಿ ಮೊಂಡಾಗುವುದಿಲ್ಲವೆಂದು ನಾನು ಹೇಳಿದರೆ, "ಮೇಷ್ಟ್ರೇ, ಅದು ನಿಮ್ಮ ಪುಸ್ತಕದ ಉಳಿ" ಎನ್ನುತ್ತಿದ್ದರು.

ಆ ವಸಂತದಲ್ಲಿ ಅಮೆರಿಕದ ಸಂಸದರೊಬ್ಬರ ಕಚೇರಿಯಿಂದ ಕೊರಿನ್ ಎಂಬ ತರುಣಿ ಬಂದಳು. ತಮ್ಮ ದೇಶ ಕೊಡುವ ಸೇನಾ ನೆರವು ಪ್ಯಾಲೆಸ್ಟೀನಿ ಮಕ್ಕಳನ್ನು ಸೆರೆಯಿಡಲು ಬಳಕೆಯಾಗಬಾರದೆಂಬ ಮಸೂದೆಗೆ ಅವಳು ಸಾಕ್ಷ್ಯ ಕೂಡಿಸುತ್ತಿದ್ದಳು. ಭಾಷಾಂತರಕ್ಕೆ ನಾನಿದ್ದೆ. ಅಬು ವಸ್ಫಿ ಎಲ್ಲವನ್ನೂ ಹೇಳಿದರು, ತಮ್ಮ ಹೆಸರು ಮಾತ್ರ ಬರೆಯುವುದು ಬೇಡವೆಂದರು. ಹೆಸರು ಹೊರಬಿದ್ದರೆ ಮಗನ ಬಿಡುಗಡೆ ಇನ್ನೂ ದೂರ ಸರಿದೀತೆಂಬ ಭಯ.

ಅವರ ಹೆಂಡತಿ ನದ್ವಾ ಕಾಫಿ ತಂದರು. ಕೊರಿನ್ ಬಟ್ಟಲನ್ನು ತುಟಿಗೂ ತಾಕಿಸದೆ ಮುಂದಿಟ್ಟು ಬರೆಯತೊಡಗಿದಳು. ಅಬು ವಸ್ಫಿಯ ಮುಖ ಬಿಗಿದುಕೊಂಡಿತು. ನಮ್ಮಲ್ಲಿ ಬೇಡಿಕೆ ಹೊತ್ತು ಬಂದ ಅತಿಥಿ ಹಾಗೆ ಕಾಫಿ ಇಡುತ್ತಾನೆ. ನಡೆಸಿಕೊಡುತ್ತೇನೆಂದು ಮನೆಯ ಯಜಮಾನ ಹೇಳುವವರೆಗೆ ಕುಡಿಯುವುದಿಲ್ಲ. ಕುಡಿಯದೆ ಎದ್ದುಹೋದರೆ ಮನೆಗೇ ಅವಮಾನ.

"ಕುಡಿಯಮ್ಮಾ. ನೀ ಕೇಳಿದ್ದು ಕೊಟ್ಟೆ. ಹೆಸರು ಬರ್ಕೊ," ಎಂದರು.

"ಅವಳಿಗೆ ಈ ಪದ್ಧತಿ ಗೊತ್ತಿಲ್ಲ ಕಣ್ರೀ. ಬಿಸಿ ಅಂತ ಇಟ್ಟಿದ್ದಾಳೆ ಅಷ್ಟೆ," ಎಂದೆ.

"ಅವಳಿಗೆ ಗೊತ್ತಿಲ್ದಿದ್ರೇನು, ನನ್ನ ಬಾಯಿಂದ ಮಾತು ಬಂತಲ್ಲ."

"ಒಂದು ಬಟ್ಟಲು ಕಾಫಿಗೆ ಮಗನ್ನ ಪಣಕ್ಕಿಟ್ರಲ್ಲ," ಎಂದರು ನದ್ವಾ.

"ಏಳು ತಿಂಗಳು ಬಾಯಿ ಮುಚ್ಕೊಂಡಿದ್ವಲ್ಲ, ಬಂದ್ನೇನೇ?"

ನದ್ವಾ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. ಕೊನೆಗೆ, "ಹಾಗಾದ್ರೆ ಹುಡುಗನ ಹೆಸರೂ ಪೂರ್ತಿ ಬರೀಲಿ," ಎಂದರು.

ನಾನು ಎಲ್ಲವನ್ನೂ ತಿಳಿಸಿದೆ. ಕೊರಿನ್ ಎರಡು ಸಲ ಕೇಳಿ ಖಚಿತಪಡಿಸಿಕೊಂಡೇ ಹೆಸರುಗಳನ್ನು ಬರೆದಳು. ಆಗ ಅಬು ವಸ್ಫಿ ತಮ್ಮ ಬಟ್ಟಲನ್ನೂ ಕುಡಿಯದೆ ಅವಳ ಮುಂದಿಟ್ಟರು.

"ಈಗ ನಂದೊಂದು ಬೇಡಿಕೆ. ಆ ಕಾಯ್ದೆ ಆಗ್ತದಾ, ಕೇಳಿ ಮೇಷ್ಟ್ರೇ."

ನಾನು ಕೇಳಿದಾಗ ಕೊರಿನ್ ಪೆನ್ನು ಕೆಳಗಿಟ್ಟಳು. "ಸುಳ್ಳು ಹೇಳಲಾರೆ. ಹೋದ ಸಲ ಅದು ಚರ್ಚೆಗೇ ಬರ್ಲಿಲ್ಲ."

ಅದನ್ನು ನಾನು ಮೆದುಗೊಳಿಸದೆ ಹೇಳಿದೆ.

"ಸರಿ. ಹಾಗಾದ್ರೆ ಇದು ಹೀಗೇ ಇರ್ಲಿ," ಎಂದರು ಅಬು ವಸ್ಫಿ, ತಾವು ಇಟ್ಟ ಬಟ್ಟಲನ್ನು ಮುಟ್ಟದೆ.

ಕೊರಿನ್ ತನ್ನ ಪಾಲಿನ ಕಾಫಿಯನ್ನು ಗಸಿಯವರೆಗೂ ಕುಡಿದು ಹೊರಟಳು. ನದ್ವಾ ಉಳಿದ ಬಟ್ಟಲುಗಳನ್ನೆಲ್ಲ ತೊಳೆದರು. ಗಂಡ ಕುಡಿಯದೆ ಇಟ್ಟಿದ್ದ ಬಟ್ಟಲೊಂದನ್ನು ಮಾತ್ರ ತುಳುಕದಂತೆ ಎತ್ತಿ, ವಸ್ಫಿಯ ಹಾಸಿಗೆಯ ಪಕ್ಕದ ಕಿಟಕಿಯಲ್ಲಿಟ್ಟರು.