ಬಿಟ್ಟುಹೋದ ಆರು ಮಣಿ

ಚಿಕ್ಕಮ್ಮನ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಕಾಫಿ ಹಣ್ಣಿನ ಅಂಟು ಆ ಸೀಳಿನೊಳಗೆ ಇಳಿದು ಒಂದು ಕಪ್ಪು ಗೆರೆಯಾಗಿ ನಿಂತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಜಪಸರದ ಮಣಿಗಳನ್ನು ಅವಳು ಅದೇ ಬೆರಳಿನಿಂದ ಒಂದೊಂದಾಗಿ ದೂಡುತ್ತಿದ್ದಳು. ಬಲಗೈ ಎಂದು ಬರೆಯಹೊರಟವನು ಯಾಕೋ ಅನುಮಾನ ಬಂದು ಅಕ್ಕನಿಗೆ ಫೋನ್ ಮಾಡಿದೆ.

"ಎಡಗೈ ಕಣೋ. ಬಲಗೈಲಿ ನಿನ್ನ ಕಿವಿ ಹಿಂಡ್ತಿದ್ಳಲ್ಲ, ಮರ್ತ್ಯಾ?" ಎಂದಳು.

ಮೊದಲ ಸಾಲಿನಲ್ಲೇ ಹೀಗಾದರೆ ಮುಂದಿನ ಗತಿಯೇನು? ಆದ್ದರಿಂದ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ನಾನು ವರ್ಷವರ್ಷವೂ ನೆನೆದು ನೆನೆದು ತಿದ್ದಿಕೊಂಡದ್ದೆಷ್ಟು, ನನಗೆ ಗೊತ್ತಿಲ್ಲ.

ಅವಳು ಅಮ್ಮನ ತಂಗಿ. ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಜೀಪಿನ ಡ್ರೈವರ್. ಕೆಲಸದವರ ಸಾಲುಮನೆಗಳಿಗೆ ನಾವು ಲೈನ್ ಅನ್ನುತ್ತಿದ್ದೆವು; ಆ ಲೈನಿನ ಕೊನೆಯ ಎರಡು ಕೋಣೆ ನಮ್ಮದು. ನನಗೆ ಒಂಬತ್ತು, ಅಕ್ಕನಿಗೆ ಹನ್ನೆರಡು ಇದ್ದಾಗ ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಅಪ್ಪ ಜೊತೆಗೆ ಹೋದ. ನಮ್ಮನ್ನು ನೋಡಿಕೊಳ್ಳಲು ಶ್ರೀಮಂಗಲದ ಕಡೆಯ ಒಂದು ತೋಟದಿಂದ ಚಿಕ್ಕಮ್ಮ ಬಟ್ಟೆಯ ಗಂಟು ಹಿಡಿದುಕೊಂಡು ಬಂದಳು. ಹದಿನೈದು ದಿನಕ್ಕೆಂದು ಬಂದವಳು ಮದುವೆಯನ್ನೂ ಆಗದೆ, ಸಾಯುವವರೆಗೂ ನಮ್ಮ ಮನೆಯಲ್ಲೇ ಉಳಿದಳು.

ಪ್ರತಿ ಸಂಜೆ ಏಸುವಿನ ಪಟದ ಮುಂದೆ ಮೋಂಬತ್ತಿ ಹಚ್ಚಿ ಮೂವರೂ ಜಪಸರಕ್ಕೆ ಕೂರುತ್ತಿದ್ದೆವು. ಹತ್ತು ಮಣಿಗೆ ಹತ್ತು 'ನಮೋ ಮರಿಯ'. ಅಂಥ ಐದು ಹತ್ತು. ನಾಲ್ಕನೆಯ ಹತ್ತು ನನ್ನದು. ಅದನ್ನು ಅಮ್ಮ ಗುಣವಾಗಲಿ ಎಂದೇ ಹೇಳಬೇಕು ಎಂದು ಚಿಕ್ಕಮ್ಮ ವಹಿಸಿಕೊಟ್ಟಿದ್ದಳು. ನನ್ನ ಬಾಯಲ್ಲಿ ಅಮ್ಮನ ಜೀವ ಇದೆ ಎಂದು ನಾನು ತಿಳಿದುಕೊಂಡಿದ್ದೆ. ಒಂಬತ್ತು ವರ್ಷದವನಿಗೆ ಬೇರೆ ಹೇಗೆ ತಿಳಿದೀತು?

ಆಗಸ್ಟ್ ಹದಿನೈದು. ಬೆಳಿಗ್ಗೆ ಶಾಲೆಯಲ್ಲಿ ಮಳೆಯಲ್ಲೇ ಬಾವುಟ ಹಾರಿಸಿ ಲಾಡು ಕೊಟ್ಟಿದ್ದರು. ನಮಗೆ ಅಂದೇ ಮಾತೆ ಮರಿಯಳ ಹಬ್ಬವೂ ಹೌದು. ಚಿಕ್ಕಮ್ಮ ಪೂಜೆಗೆಂದು ಚರ್ಚಿಗೆ ನಡೆದು ಹೋಗಿ ನಡೆದೇ ಬಂದಿದ್ದಳು. ಸಂಜೆ ಜಪಸರಕ್ಕೆ ಕೂತಾಗ ತೂಕಡಿಸುತ್ತಿದ್ದಳು, ಅಕ್ಕನ ಕಣ್ಣೂ ಮುಚ್ಚಿತ್ತು. ನನ್ನ ಚಡ್ಡಿಯ ಜೇಬಿನಲ್ಲಿ ಅರ್ಧ ಲಾಡು ಇತ್ತು. ನನ್ನ ಹತ್ತು ಬಂದಾಗ ಮೂರು ಮಣಿ ಹೇಳಿದೆ. ಇಬ್ಬರನ್ನೂ ನೋಡಿದೆ. ನೇರವಾಗಿ ಹತ್ತನೆಯದಕ್ಕೆ ಹಾರಿದೆ. ಯಾರಿಗೂ ಗೊತ್ತಾಗಲಿಲ್ಲ. ಜಪಸರ ಮುಗಿದದ್ದೇ ಹಿತ್ತಿಲ ಬಾಗಿಲಿಗೆ ಹೋಗಿ ಲಾಡು ತಿಂದೆ.

ಮಾರನೆಯ ಬೆಳಿಗ್ಗೆ ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರು ಕೊಡೆ ಮಡಚದೆ ನಮ್ಮ ಬಾಗಿಲಲ್ಲಿ ನಿಂತಿದ್ದರು. ಚಿಕ್ಕಮ್ಮನ ಬಳಿ ಏನೋ ಮೆಲ್ಲಗೆ ಹೇಳಿ ಹೋದರು.

ಅಷ್ಟರಲ್ಲಿ ಲೈನಿನ ಹೆಂಗಸರೆಲ್ಲ ಸೇರಿದರು. ಪಕ್ಕದ ಮನೆಯಾಕೆ ನನ್ನನ್ನು ಸೊಂಟಕ್ಕೆ ಒತ್ತಿಕೊಂಡು, "ದೇವರಿಗೆ ಒಳ್ಳೇವ್ರು ಬೇಕಾಗ್ತಾರೆ ಕಂದಾ, ಅದಕ್ಕೇ ನಿಮ್ಮಮ್ಮನ್ನ ಕರ್ಕೊಂಡ," ಎಂದರು.

"ಹಂಗೆ ಹೇಳ್ಬೇಡಿ ಅಕ್ಕಾ," ಎಂದಳು ಚಿಕ್ಕಮ್ಮ. "ಈ ಮಕ್ಳು ಇನ್ಮುಂದೆ ಒಳ್ಳೇವ್ರಾಗೋಕೇ ಹೆದರ್ತವೆ."

ಆಮೇಲೆ ನಮ್ಮಿಬ್ಬರನ್ನೂ ಒಳಗೆ ಕರೆದು, ನೆಲಕ್ಕೆ ಕೂತು, ನಮ್ಮ ಕಣ್ಣಿನ ಮಟ್ಟಕ್ಕೆ ಬಂದು ಹೇಳಿದಳು: "ಅಮ್ಮ ಸತ್ತುಹೋದ್ಳು. ಊರಿಗೆ ಹೋಗಿಲ್ಲ, ನಿದ್ದೆ ಮಾಡ್ತಿಲ್ಲ. ಸತ್ತುಹೋದ್ಳು. ಈ ಮನೆಗೆ ಇನ್ನು ಬರಲ್ಲ. ಏಸುವಿನ ಹತ್ರ ಇದ್ದಾಳೆ ಅಂತ ನಾನು ನಂಬ್ತೀನಿ. ಆದ್ರೂ ನಂಗೆ ಅಳು ಬರ್ತಿದೆ. ನಿಮ್ಗೂ ಬಂದ್ರೆ ಅಳಿ."

ಅಷ್ಟು ಹೇಳಿ ಅವಳೇ ಮೊದಲು ಅತ್ತಳು. ಗೆಳೆಯ ಸತ್ತಾಗ ಏಸುವೇ ಸಮಾಧಿಯ ಮುಂದೆ ನಿಂತು ಅತ್ತ, ಅವನನ್ನು ಈಗಲೇ ಬದುಕಿಸಿ ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅತ್ತ ಎಂಬ ಕತೆಯನ್ನು ಅವಳು ಅಂದೇ ಹೇಳಿದಳೋ, ಮುಂದೆಂದೋ ಹೇಳಿದಳೋ ನೆನಪಿಲ್ಲ. ನನ್ನ ತಲೆಯಲ್ಲಿ ಅದು ಆ ಬೆಳಗಿನ ಜೊತೆಗೇ ಅಂಟಿಕೊಂಡಿದೆ.

ಮಧ್ಯಾಹ್ನ ಅಪ್ಪ ಅಮ್ಮನನ್ನು ತಂದ. ಮಕ್ಕಳನ್ನು ಆಚೆ ಕರೆದುಕೊಂಡು ಹೋಗಿ ಎಂದು ಯಾರೋ ಅಂದರು. ಚಿಕ್ಕಮ್ಮ ಕೇಳಲಿಲ್ಲ. ನನ್ನನ್ನು ಎತ್ತಿ ಅಮ್ಮನ ಹಣೆ ಮುಟ್ಟಿಸಿದಳು. "ತಣ್ಣಗಿರುತ್ತೆ, ಹೆದರ್ಬೇಡ," ಎಂದು ಮೊದಲೇ ಹೇಳಿದ್ದಳು. ಹಾಗೆ ಹೇಳಿದ್ದರಿಂದ ನಾನು ಹೆದರಲಿಲ್ಲ.

ಅಪ್ಪ ಆಮೇಲೆ ಮಾತು ಬಿಟ್ಟವನಂತಾದ. ನಮ್ಮನ್ನು ಬೆಳೆಸುವ ಕೆಲಸ ಪೂರ್ತಿ ಅವಳ ಮೇಲೆ ಬಿತ್ತು. ಅವಳದ್ದು ಏಳನೆಯ ತರಗತಿಯ ಓದು. ಆದರೂ ಅವಳಿಗೆ ತನ್ನದೇ ಕೆಲವು ಪದ್ಧತಿಗಳಿದ್ದವು. ಶನಿವಾರ ಸಂಜೆ ಜಪಸರವಾದ ಮೇಲೆ ಅಮ್ಮನ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತು ಹೇಳಬೇಕು. ಒಮ್ಮೆ ಅಕ್ಕ, "ಅಮ್ಮ ನಂಗೆ ಸೌದೇಲಿ ಹೊಡ್ದಿದ್ಳು," ಎಂದುಬಿಟ್ಟಳು. ಅಂದು ನಮ್ಮೊಂದಿಗೆ ಪ್ರಾರ್ಥನೆಗೆ ಕೂತಿದ್ದ ಪಕ್ಕದ ಮನೆಯಾಕೆ, "ಅಯ್ಯೋ, ಸತ್ತೋರ ಬಗ್ಗೆ ಹಂಗೆಲ್ಲ ಅನ್ಬಾರ್ದು," ಎಂದು ಶಿಲುಬೆಯ ಗುರುತು ಹಾಕಿಕೊಂಡರು. ಚಿಕ್ಕಮ್ಮ ನಕ್ಕುಬಿಟ್ಟಳು.

"ನಂಗೂ ಹೊಡ್ದಿದ್ಳು, ಚಿಕ್ಕೋಳಿದ್ದಾಗ. ಹೇಳ್ಲಿ ಬಿಡಿ. ಅವ್ಳನ್ನ ಈಗ್ಲೇ ಸಂತಳು ಮಾಡಿಬಿಟ್ರೆ ಆಮೇಲೆ ನಮ್ಮೋಳಾಗಿ ಉಳಿಯಲ್ಲ."

ನಾನು ಏಸುವಿನ ಪಟಕ್ಕೆ ಬೆನ್ನು ಹಾಕಿ ಕೂತ ದಿನ ಅವಳು ಬೈಯಲಿಲ್ಲ. "ಬೈಯ್ಬೇಕು ಅನ್ಸಿದ್ರೆ ಈ ಕಡೆ ತಿರುಗಿ ಬೈಯಿ. ಬೆನ್ನು ಹಾಕ್ಕೊಂಡು ಬೈದ್ರೆ ಅವನಿಗೆ ಕೇಳಿಸುತ್ತೋ ಇಲ್ವೋ," ಎಂದಳಷ್ಟೇ.

ಇಷ್ಟೆಲ್ಲ ಬಿಚ್ಚಿ ಮಾತಾಡುವ ಮನೆಯಲ್ಲೂ ನಾನು ಆ ಆರು ಮಣಿಯ ಬಗ್ಗೆ ಮಾತ್ರ ಬಾಯಿಬಿಡಲಿಲ್ಲ. ಬದಲಿಗೆ ನನ್ನ ಹತ್ತನ್ನು ಮುಗಿಸುವುದೇ ಆಗದಂತಾಯಿತು. ಎಂಟಕ್ಕೆ ಬಂದಾಗ ಎಣಿಕೆ ತಪ್ಪಿದೆ ಅನ್ನಿಸುತ್ತಿತ್ತು, ಮತ್ತೆ ಒಂದರಿಂದ ಶುರು. ಅಕ್ಕ ಗೊಣಗುತ್ತಿದ್ದಳು. ಊಟಕ್ಕೆ ಕೂತರೂ ನನ್ನ ತುಟಿ ಆಡುತ್ತಿತ್ತಂತೆ. ಚಿಕ್ಕಮ್ಮ ನೋಡುತ್ತಿದ್ದಳು.

ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಮುಂಚೆ ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಸುಣ್ಣ ಬಳಿಯುತ್ತಾರೆ. ಅಮ್ಮನದು ಇನ್ನೂ ಮಣ್ಣಿನ ದಿಬ್ಬ, ಹೆಸರು ಮಾತ್ರ ಬರೆದ ಮರದ ಶಿಲುಬೆ. ಮಳೆಗೆ ಇಳಿದಿದ್ದ ಮಣ್ಣನ್ನು ಏರಿಸಿ, ಸುತ್ತ ಕಲ್ಲು ಜೋಡಿಸಿ, ನಾನೂ ಚಿಕ್ಕಮ್ಮನೂ ಆ ಕಲ್ಲುಗಳಿಗೆ ಸುಣ್ಣ ಬಳಿಯುತ್ತಿದ್ದೆವು. ಅಕ್ಕ ನೀರು ತರಲು ಹೋಗಿದ್ದಳು.

"ಏನನ್ನ ಎಣಿಸ್ತಿದ್ದೀಯ?" ಎಂದು ಕೇಳಿದಳು ಚಿಕ್ಕಮ್ಮ.

ನಾನು ಕಲ್ಲುಗಳನ್ನು ಎಣಿಸುತ್ತಿದ್ದೆ. ಅಲ್ಲಿಂದ ಎಲ್ಲ ಹೊರಗೆ ಬಂತು. ಮೂರು ಮಣಿ, ಹತ್ತನೆಯ ಮಣಿ, ಲಾಡು. "ನಾನೇ ಅಮ್ಮನ್ನ ಸಾಯಿಸ್ಬಿಟ್ಟೆ," ಎಂದೆ.

ಅವಳು ಬ್ರಷ್ ಕೆಳಗಿಟ್ಟಳು. ತಬ್ಬಿಕೊಳ್ಳಲಿಲ್ಲ. "ಯಾವತ್ತು ಬಿಟ್ಟಿದ್ದು?"

"ಬಾವುಟದ ದಿನ."

"ಸರಿಯಾಗಿ ನೆನಪಿದ್ಯಾ?"

"ಲಾಡು ಕೊಟ್ಟಿದ್ರಲ್ಲ."

"ಹಂಗಾದ್ರೆ ಕೇಳು. ನಿಮ್ಮಮ್ಮ ಹೋಗಿದ್ದು ಅದರ ಹಿಂದಿನ ದಿನ, ಸಂಜೆ. ನಿಮ್ಮಪ್ಪ ಆವಾಗ್ಲೇ ಎಸ್ಟೇಟ್ ಆಫೀಸಿಗೆ ಫೋನ್ ಮಾಡಿದ್ದಾನೆ, ಬೀಗ ಹಾಕ್ಕೊಂಡು ಹೋಗಿದ್ರು. ಮಾರನೇ ದಿನ ರಜ. ಫೋನು ಬರೀ ಹೊಡ್ಕೊಳ್ತಾನೇ ಇತ್ತು, ಎತ್ತೋರು ಯಾರು? ಗಾಡಿ ಇಲ್ದೆ ಅವನು ಅಲ್ಲೇ ಕೂತಿದ್ದ. ನೀನು ಲಾಡು ತಿನ್ನೋ ಹೊತ್ತಿಗೆ ಅವಳು ಹೋಗಿ ಒಂದು ದಿನ ಆಗಿತ್ತು." ಬ್ರಷ್ ಮತ್ತೆ ಎತ್ತಿಕೊಂಡು ಹೇಳಿದಳು: "ಇನ್ನೊಂದು ಮಾತು. ಆರು ಮಣಿ ಬಿಟ್ಟಿದ್ದಕ್ಕೆ ಮಗೂನ ಅಮ್ಮನ್ನ ಕಿತ್ಕೊಳ್ಳೋ ದೇವರಾಗಿದ್ರೆ, ಈ ಸರಾನ ನಾನೇ ಬಾವಿಗೆ ಎಸೀತಿದ್ದೆ. ನಂಬಿಕೆ ಬರ್ಲಿಲ್ವಾ? ಚರ್ಚಿನ ಪುಸ್ತಕದಲ್ಲಿ ಬರ್ದಿದೆ, ದೊಡ್ಡೋನಾದ್ಮೇಲೆ ಹೋಗಿ ನೋಡು."

ಅಂದಿನ ಸಂಜೆ ನನ್ನ ಹತ್ತು ಮಣಿ ಹತ್ತಕ್ಕೇ ಮುಗಿಯಿತು.

ದೊಡ್ಡವನಾದೆ. ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಓದಿದೆ, ಪ್ರಾರ್ಥನೆ ಬಿಟ್ಟೆ. ಓದಿದವನಿಗೆ ಆ ಸಮಾಧಾನ ಬಹಳ ಅಚ್ಚುಕಟ್ಟಾಗಿ ಕಾಣತೊಡಗಿತು. ಬೀಗ ಹಾಕಿದ ಆಫೀಸು, ರಜೆಯ ದಿನ, ಎತ್ತದ ಫೋನು, ಎಲ್ಲವೂ ನನಗೆ ಬೇಕಾದ ಹಾಗೆಯೇ ಒದಗಿಬಂದಿದ್ದವು. ಅಳುವ ಮಗುವಿಗೆ ಅವಳು ಅಲ್ಲೇ ಕೂತು ಕಟ್ಟಿದ ಸುಳ್ಳು ಅದು ಎಂದು ತೀರ್ಮಾನಿಸಿದೆ. ನಂಬಿಕೆ ಎಂದರೇ ಇಷ್ಟು, ಒಂದು ದಯೆಯ ಸುಳ್ಳು ಎಂದು ಸ್ನೇಹಿತರ ಮುಂದೆ ಇದನ್ನೇ ಉದಾಹರಣೆಯಾಗಿ ಕೊಟ್ಟಿದ್ದೇನೆ. ಅಪ್ಪನನ್ನು ಕೇಳಬಹುದಿತ್ತು. ಕೇಳುವ ಮುಂಚೆ ಅವನೂ ಹೋದ.

ಒಮ್ಮೆ ರಜೆಗೆ ಬಂದಾಗ ಅವಳಿಗೇ ಹೇಳಿದೆ. ಅಕ್ಕಿ ಆರಿಸುತ್ತ ಕೂತಿದ್ದಳು. "ಚಿಕ್ಕಮ್ಮ, ಆವತ್ತು ನೀನು ಸುಳ್ಳು ಹೇಳ್ದೆ. ಒಳ್ಳೇದಕ್ಕೇ ಹೇಳ್ದೆ, ನಂಗೆ ಬೇಜಾರಿಲ್ಲ."

ಮೊರದಿಂದ ಕಣ್ಣೆತ್ತಲಿಲ್ಲ. "ಎಷ್ಟು ಓದಿದ್ಯೋ ನೀನು! ಮಕ್ಕಳಿಗೆ ನಾನು ಸುಳ್ಳು ಹೇಳಲ್ಲ. ಪುಸ್ತಕ ಅಲ್ಲೇ ಇದೆ, ಚರ್ಚು ಎರಡು ಮೈಲಿ."

ನಾನು ಹೋಗಲಿಲ್ಲ. ಅವಳು ಬದುಕಿರುವವರೆಗೂ ಹೋಗಲಿಲ್ಲ. ಕಾರಣ ಈಗ ಹೇಳಬಲ್ಲೆ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಆ ಆರು ಮಣಿ ನನ್ನ ಬಳಿಗೆ ವಾಪಸು ಬರುತ್ತಿದ್ದವು. ದೇವರನ್ನು ಬಿಟ್ಟವನಿಗೂ ಆ ಭಯ ಬಿಟ್ಟಿರಲಿಲ್ಲ.

ಚಿಕ್ಕಮ್ಮ ಕಳೆದ ವರ್ಷ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ತೀರಿಕೊಂಡಳು. ನನ್ನ ಏಳು ವರ್ಷದ ಮಗಳು ಪೆಟ್ಟಿಗೆಯ ಪಕ್ಕ ನಿಂತು, "ಅಜ್ಜಿ ಎಲ್ಲಿಗೆ ಹೋದ್ರು ಅಪ್ಪಾ?" ಎಂದಳು. ನಕ್ಷತ್ರ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಏನನ್ನೂ ನಂಬದವನಿಗೆ ಸುಳ್ಳು ಎಷ್ಟು ಸುಲಭವಾಗಿ ಸಿಗುತ್ತದೆ! ನಾನು ನೆಲಕ್ಕೆ ಕೂತೆ. ಅವಳ ಕಣ್ಣಿನ ಮಟ್ಟಕ್ಕೆ ಬಂದೆ. "ಅಜ್ಜಿ ಸತ್ತುಹೋದ್ರು ಮಗಾ. ಇನ್ನು ಬರಲ್ಲ. ಏಸುವಿನ ಹತ್ರ ಇರ್ತೀನಿ ಅಂತ ಅವ್ರು ನಂಬಿದ್ರು. ನಂಗೆ ಗೊತ್ತಿಲ್ಲ. ಆದ್ರೆ ನಂಗೆ ಅಳು ಬರ್ತಿದೆ," ಎಂದೆ. ಅವಳು ನನ್ನ ಕುತ್ತಿಗೆಗೆ ಕೈ ಹಾಕಿದಳು. ಮುಟ್ಟಬೇಕೆಂದಳು. ತಣ್ಣಗಿರುತ್ತದೆ ಎಂದು ಮೊದಲೇ ಹೇಳಿ ಎತ್ತಿಕೊಂಡೆ.

ಹೆಬ್ಬೆರಳಿನ ಆ ಕಪ್ಪು ಗೆರೆ ಯಾವ ಕೈಯಲ್ಲಿದೆ ಎಂದು ಅಂದೇ ನೋಡಿಕೊಳ್ಳಬಹುದಿತ್ತು. ಹೊಳೆಯಲಿಲ್ಲ.

ಮಣ್ಣು ಕೊಟ್ಟ ಮಾರನೆಯ ದಿನ, ಅವಳ ಹೆಸರು ಬರೆಸುವ ನೆಪದಲ್ಲಿ ಚರ್ಚಿನ ಆಫೀಸಿಗೆ ಹೋದೆ. ಹಳೆಯ ಸಮಾಧಿ ರಿಜಿಸ್ಟರ್ ನೋಡಬಹುದೇ ಎಂದು ಕೇಳಿದೆ. ಚಿಕ್ಕ ವಯಸ್ಸಿನ ಫಾದರ್ ಬೀರುವಿನಿಂದ ತೆಗೆದು, ಧೂಳು ಒರೆಸಿ, ಮೇಜಿನ ಮೇಲಿಟ್ಟು ಹೊರಗೆ ಹೋದರು. ಅಮ್ಮನ ಹೆಸರು ಹುಡುಕಲು ಹೊತ್ತು ಹಿಡಿಯಿತು. ನೀಲಿ ಶಾಯಿ, ಓರೆಯಾದ ಅಕ್ಷರ. ಮಣ್ಣು ಕೊಟ್ಟ ದಿನ: ಆಗಸ್ಟ್ ಹದಿನಾರು. ಅದರ ಹಿಂದಿನ ಕಾಲಮಿನಲ್ಲಿ, ಮರಣದ ದಿನ: ಆಗಸ್ಟ್ ಹದಿನಾಲ್ಕು.