ಮಾವು ಹಣ್ಣಾದಾಗ ಬರುತ್ತೇನೆಂದು

ನನ್ನೊಡನೆ ಮೊಣಕಾಲೂರಿದ ಸಭೆಯ ಅಕ್ಕ, ಅಣ್ಣಂದಿರೇ, ಹೋದ ವರ್ಷ ದೀಪಾವಳಿ ಕಳೆದ ವಾರ ನಿಮ್ಮಲ್ಲಿ ಹಲವರಿಗೆ ಫೋನ್ ಮಾಡಿ, ಒಂದು ಮಗು ಕಳೆದಿದೆ, ಪ್ರಾರ್ಥಿಸಿ ಎಂದಿದ್ದೆ. ಆಮೇಲೆ ಏನಾಯಿತೆಂದು ಪೂರ್ತಿ ಹೇಳಲಾಗಲಿಲ್ಲ. ನಡೆದಷ್ಟನ್ನೇ ಬರೆಯುತ್ತೇನೆ.

ಕಳೆದವಳು ಚಿಸೊಮೊ. ಆಫ್ರಿಕಾದ ಮಲಾವಿ ದೇಶದಲ್ಲಿ, ದೊಡ್ಡ ಸರೋವರದ ದಂಡೆಯ ಒಂದು ಮಕ್ಕಳ ಮನೆಯಲ್ಲಿ ನಾನೂ ನನ್ನ ಯಜಮಾನರಾದ ಸಾಮುವೇಲರೂ ಸೇವೆಗಿದ್ದೇವೆ. ಸೇವೆ ಎಂದರೆ ಬೆಳಿಗ್ಗೆ ಮೆಕ್ಕೆಜೋಳದ ಗಂಜಿ ಕಾಯಿಸುವುದು, ಬೋರಿನ ಪಂಪು ಒತ್ತಿ ನೀರು ತುಂಬುವುದು, ಸೊಳ್ಳೆಪರದೆಯ ತೂತು ಹೊಲಿಯುವುದು, ಜ್ವರ ಬಂದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ನಡೆಯುವುದು. ಸಂಜೆ ಹಾಡು, ಪ್ರಾರ್ಥನೆ, ಮುದ್ದೆ.

ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಚಿಕ್ಕ ಮಕ್ಕಳಿಗೆ ಗಡಿಯಾರ ತಿಳಿಯದು. ಹಾಗಾಗಿ ಹೊರಗೆ ಹೋಗುವವರು ಕಣ್ಣಿಗೆ ಕಾಣುವ ಗುರುತು ಹೇಳಿ ಹೋಗಬೇಕು. ತಂತಿಯ ಮೇಲಿನ ಬಟ್ಟೆ ಒಣಗುವಷ್ಟರಲ್ಲಿ ಬರುತ್ತೇನೆ, ಗಂಜಿ ಕುದಿಯುವ ಹೊತ್ತಿಗೆ ಬರುತ್ತೇನೆ, ಹೀಗೆ. ಹೇಳಿದ ಮೇಲೆ ತಪ್ಪಬಾರದು. ಚಿಸೊಮೊಗೆ ಇದು ಬೇರೆಲ್ಲ ಮಕ್ಕಳಿಗಿಂತ ಹೆಚ್ಚು ಬೇಕಿತ್ತು. ಸಂತೆ ಮುಗಿಸಿ ಬರುತ್ತೇನೆಂದು ಗೇಟಿನಲ್ಲಿ ಬಿಟ್ಟುಹೋದ ಅವಳ ಅಜ್ಜಿ ತಿರುಗಿ ಬಂದಿರಲಿಲ್ಲ.

ದಸರೆಯ ಹೊತ್ತಿಗೆ ಹೊಸಪೇಟೆಯಲ್ಲಿ ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಸಾಮುವೇಲರನ್ನು ಅಲ್ಲಿಯೇ ಬಿಟ್ಟು ನಾನೊಬ್ಬಳೇ ಬಂದೆ. ಹೊರಡುವಾಗ ಚಿಸೊಮೊಗೆ ಗುರುತು ಹೇಳಲು ನನಗೇ ತಿಳಿಯಲಿಲ್ಲ. ಆಮೇಲೆ ಹೇಳುತ್ತೇನೆ ಎಂದೆ. ಅವಳು ಬಸ್ ನಿಲ್ದಾಣದವರೆಗೂ ನನ್ನ ಸೆರಗು ಬಿಡಲಿಲ್ಲ.

ಅವ್ವನಿಗೆ ಆಪರೇಷನ್ ಆಯಿತು. ಆದರೆ ಗಾಯ ಕೀವಾಗಿ ಆಸ್ಪತ್ರೆಯಲ್ಲೇ ಇರಬೇಕಾಯಿತು. ಒಂದು ದಿನ ವಿಡಿಯೋ ಕರೆಯಲ್ಲಿ ಚಿಸೊಮೊ, "ನಮ್ಮ ಅಮಾಯಿಯನ್ನು ಯಾವಾಗ ಕಳಿಸುತ್ತೀ?" ಎಂದು ಅವ್ವನನ್ನೇ ಕೇಳಿದಳು. ಅಮಾಯಿ ಎಂದರೆ ಅಲ್ಲಿ ತಾಯಿ.

ಅದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ನಕ್ಕಳು. "ನಿಮ್ಮಮಾಯಿ ನನ್ನ ಮಗಳು ಲೇ! ಹಂಗ ಜಲ್ದಿ ಬಿಡಂಗಿಲ್ಲ. ಮಾವಿನಹಣ್ಣು ಬರ್ಲಿ, ಹೊಟ್ಟಿತುಂಬ ತಿನ್ಸಿ ಕಳಸ್ತೀನಿ."

ನಾನು ಅದನ್ನು ಹಾಗೆಯೇ ಅವಳ ಮಾತಿಗೆ ತಿರುಗಿಸಿದೆ. ಚಿಸೊಮೊ ತಲೆಯಾಡಿಸಿ ಓಡಿಹೋದಳು.

ದೀಪಾವಳಿ ಮುಗಿದು, ಬೀದಿಯಲ್ಲಿ ಇನ್ನೂ ಒಂದೊಂದು ಪಟಾಕಿ ಸಿಡಿಯುತ್ತಿದ್ದ ದಿನ ಸಾಮುವೇಲರ ಫೋನ್ ಬಂತು. "ಚಿಸೊಮೊ ನಿನ್ನೆ ಮಧ್ಯಾಹ್ನದಿಂದ ಇಲ್ಲ. ಪೊಲೀಸರಿಗೆ ಹೇಳೀನಿ. ದಂಡಿ ಎಲ್ಲಾ ಹುಡುಕಿವಿ. ಈಗ ಅವರಜ್ಜಿ ಊರಿಗೆ ಹೊಂಟೀನಿ." ಸರೋವರ ಎಂಬ ಮಾತನ್ನು ಅವರು ಆಡಲಿಲ್ಲ. ನಾನೂ ಕೇಳಲಿಲ್ಲ.

ಕೂತಲ್ಲಿ ಕೂರಲಾಗಲಿಲ್ಲ. ವಾರ್ಡಿನಿಂದ ಮೆಟ್ಟಿಲು, ಮೆಟ್ಟಿಲಿನಿಂದ ಗೇಟು, ಮತ್ತೆ ವಾರ್ಡು. ಪಕ್ಕದ ಮಂಚದವರ ಮಗಳನ್ನು ಅವ್ವನ ಬಳಿ ಕೂರಿಸಿ ಕಂಪ್ಲಿ ಬಸ್ ಹತ್ತಿದೆ. ಅಪ್ಪ ಇದ್ದಾಗ ಅಲ್ಲಿನ ಚಿಕ್ಕ ಸಭೆಗೆ ಹೋಗುತ್ತಿದ್ದೆವು. ಯಾರಾದರೂ ಜೊತೆಗೆ ಪ್ರಾರ್ಥಿಸಿಯಾರು ಎನ್ನಿಸಿತ್ತು. ಬಾಗಿಲಿಗೆ ಬೀಗ. ಎಲ್ಲರೂ ಭತ್ತದ ಕೊಯ್ಲಿಗೆ ಹೋಗಿದ್ದರು. ಮೆಟ್ಟಿಲ ಮೇಲೆ ಕುಳಿತೆ. ಇಷ್ಟು ವರ್ಷ ಪ್ರಾರ್ಥನೆ ನಡೆಸಿದವಳಿಗೆ ಅಂದು ಮಾತು ಸಿಗಲಿಲ್ಲ. "ಕರ್ತನೇ, ಎಲ್ಲಿದ್ದಾಳೆ ಹೇಳು" ಎಂಬುದೊಂದೇ ಬಾಯಿಗೆ ಬರುತ್ತಿತ್ತು. ಉತ್ತರವೇನೂ ಕೇಳಿಸಲಿಲ್ಲ. ಸಮಾಧಾನವೂ ಬರಲಿಲ್ಲ. ಬಂದ ಬಸ್ಸಿಗೇ ಹಿಂತಿರುಗಿದೆ.

ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವ್ವನಿಗೆಂದು ಬಾಳೆಹಣ್ಣು ಕೊಂಡೆ. ವಾರ್ಡಿಗೆ ಬಂದರೆ ಅವ್ವ ಚಿಪ್ಪನ್ನು ನೋಡಿ ಮುಖ ತಿರುಗಿಸಿದಳು.

"ದಿನಾ ಬಾಳಿಹಣ್ಣು ತಿಂದು ಬಾಯಿ ಕೆಟ್ಟೈತಿ. ಮಾವಿನಹಣ್ಣಾದ್ರ ಯಾವಾಗ ಬರ್ತಾವೋ ಏನೋ."

"ಯವ್ವಾ, ಅದಕ್ಕಿನ್ನೂ ಬ್ಯಾಸಿಗಿ ಬರಬೇಕು" ಎಂದವಳು ಅಲ್ಲಿಯೇ ನಿಂತೆ.

ಇಲ್ಲಿ ಬೇಸಿಗೆ ಬರಬೇಕು. ಅಲ್ಲಿ? ನಾವು ಆ ದೇಶಕ್ಕೆ ಹೋಗಿ ವರ್ಷ ತುಂಬಿರಲಿಲ್ಲ. ಹೋದಾಗ ಮಾವಿನ ಕಾಲ ಆಗತಾನೇ ಮುಗಿದಿತ್ತು. ಹೊರಡುವಾಗ ಗಿಡದಲ್ಲಿ ಕಾಯಿ ಜೋತಾಡುತ್ತಿದ್ದುದನ್ನು ಕಂಡಿದ್ದೆ. ಆದರೂ ಅವ್ವ ಮಾವು ಎಂದಾಗ ನನ್ನ ಮನಸ್ಸಿಗೆ ಬಂದದ್ದು ಹೊಸಪೇಟೆಯ ಬೇಸಿಗೆ.

ಸಾಮುವೇಲರಿಗೆ ಫೋನ್ ಮಾಡಿದೆ. "ರೀ, ಅಲ್ಲಿ ಮಾವಿನಹಣ್ಣು ಬಂದಾವೇನು?"

"ಮಗು ಸಿಗವಲ್ದು, ನಿನಗ ಹಣ್ಣಿನ ಚಿಂತಿ?"

"ಹೇಳ್ರೀ!"

"ಬಂದಾವ. ವಾರದಿಂದ ತಗಡಿನ ಮ್ಯಾಲ ದಬದಬ ಬೀಳಾಕತ್ತಾವ. ಯಾಕ?"

"ಅಕಿ ಅಜ್ಜಿ ಹತ್ರ ಹೋಗಿಲ್ರಿ. ನನ್ನ ಕರಕೊಂಡು ಬರಾಕ ಹೋಗ್ಯಾಳ. ನಾನು ಹತ್ತಿದ ಬಸ್ ಸ್ಟ್ಯಾಂಡ್ ನೋಡ್ರಿ."

ಅವರು "ಗಾಡಿ ತಿರುಗಿಸ್ತೀನಿ" ಎಂದರು.

ಆ ಹೊತ್ತು ಹೇಗೆ ಕಳೆಯಿತೋ ಹೇಳಲಾರೆ. ಅವ್ವ ಬಾಳೆಹಣ್ಣು ಸುಲಿದು ನನ್ನ ಕೈಗಿಟ್ಟಳು. ಅದು ಕೈಯಲ್ಲೇ ಕಪ್ಪಾಯಿತು. ಫೋನ್ ಬಂದಾಗ ಪರದೆಯ ತುಂಬ ಚಿಸೊಮೊಳ ಮುಖ. ನಿಲ್ದಾಣದಲ್ಲಿ ಹಣ್ಣು ಮಾರುವ ಹೆಂಗಸೊಬ್ಬಳು ರಾತ್ರಿ ತನ್ನ ಮನೆಗೆ ಕರೆದೊಯ್ದು ಉಣ್ಣಿಸಿ ಮಲಗಿಸಿದ್ದಳಂತೆ. ಬೆಳಗಾದ ಕೂಡಲೇ ಹುಡುಗಿ ಮತ್ತೆ ಅದೇ ಜಾಗಕ್ಕೆ ಬಂದು, ಪ್ರತಿ ಬಸ್ಸಿನ ಬಾಗಿಲನ್ನೂ ನೋಡುತ್ತಿದ್ದಳಂತೆ. ಯಾರೇನು ಕೇಳಿದರೂ ಅಮಾಯಿ ಬರುತ್ತಾಳೆ ಎಂದಷ್ಟೇ ಹೇಳಿದ್ದಳಂತೆ. ಮಡಿಲಲ್ಲಿ ಎರಡು ಮಾವಿನಹಣ್ಣು, ಒಂದು ಆಗಲೇ ಒಡೆದು ಅಂಗಿಗೆ ರಸ ಇಳಿದಿತ್ತು.

"ಹಣ್ಣು ಬಂದವು," ಎಂದಳು. "ನೀನು ಬರಲಿಲ್ಲ."

ಅಲ್ಲಿಗೂ ಇಲ್ಲಿಗೂ ಕಾಲ ಬೇರೆ ಎಂದು ಏಳು ವರ್ಷದ ಮಗುವಿಗೆ ಹೇಗೆ ಹೇಳಲಿ? ಬೇರೆ ಗುರುತು ಕೊಡಬೇಕಿತ್ತು, ಈ ಸಲ ಅವಳಿಗೂ ನಮಗೂ ಒಂದೇ ಹೊತ್ತಿಗೆ ಕಾಣುವಂಥದ್ದು. ಅವ್ವನಿಗೆ ವಿಷಯ ತಿಳಿಸಿದೆ. ಆಕೆ ಹಾಸಿಗೆಯಲ್ಲೇ ಫೋನಿಗೆ ಕೈ ಚಾಚಿದಳು.

"ಹೇಳು ಅಕಿಗೆ. ಈ ಮುದುಕಿ ವಾಕರ್ ಬಿಟ್ಟು ಆ ಕಿಟಕಿ ಮುಟ್ಟಿದ ದಿನ ನಿಮ್ಮಮಾಯಿನ ಕಳಸ್ತಾಳ ಅಂತ. ದಿನಾ ನೋಡಾಕ ಹೇಳು."

ಅಂದಿನವರೆಗೆ ನರ್ಸ್ ಬಂದರೆ, "ಭಾಳ ನೋವೈತ್ರಿ, ನಾಳಿ ನಡೀತೀನಿ" ಎನ್ನುತ್ತಿದ್ದ ಅವ್ವ, ಮರುದಿನದಿಂದ ನನ್ನನ್ನೇ ಗದರತೊಡಗಿದಳು. "ಏಳ್ಲೇ, ಫೋನ್ ಹಚ್ಚು. ಅಲ್ಲಿ ಹುಡುಗಿ ಕಾಯಾಕತ್ತೈತಿ." ಅಲ್ಲಿ ಮಕ್ಕಳೆಲ್ಲ ಸೇರಿ ಪ್ರತಿ ಹೆಜ್ಜೆಗೂ ಚಪ್ಪಾಳೆ ತಟ್ಟುತ್ತಿದ್ದರು. ಗಾಯ ಒಣಗಿತು. ಕ್ರಿಸ್ಮಸ್ಸಿನ ಹಿಂದಿನ ವಾರ ಅವ್ವ ಕಿಟಕಿಯ ಸರಳು ಹಿಡಿದು ನಿಂತಳು. ಹೊಸ ವರ್ಷದ ಆರಾಧನೆ ಮುಗಿಸಿ ನಾನು ಹೊರಟೆ. ಹೋಗುವಷ್ಟರಲ್ಲಿ ಗಿಡದ ತುದಿಯಲ್ಲಿ ಕೆಲವೇ ಹಣ್ಣು ಉಳಿದಿದ್ದವು.

ನನಗೆ ದರ್ಶನವಾಗಲಿಲ್ಲ, ಧ್ವನಿ ಕೇಳಲಿಲ್ಲ. ಕಂಪ್ಲಿಯ ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆಗೆ, ಬಾಳೆಹಣ್ಣು ಬೇಡವೆಂದ ಅವ್ವನ ಬಾಯಲ್ಲಿ ಉತ್ತರವಿತ್ತು. ಅದನ್ನು ಅಲ್ಲಿಟ್ಟವನು ಕರ್ತನೇ ಎಂದು ನಂಬುತ್ತೇನೆ. ಆತನಿಗೆ ಸ್ತೋತ್ರ.

ಇನ್ನೊಂದು ಮಾತಿದೆ. ತಿರುಗಿ ಬರುತ್ತೇನೆಂದು ನಮ್ಮ ಕರ್ತನೂ ಹೇಳಿದ್ದಾನೆ, ಗುರುತುಗಳನ್ನೂ ಕೊಟ್ಟಿದ್ದಾನೆ. ಚಿಕ್ಕಂದಿನಿಂದ ಅದನ್ನು ಕೇಳಿದ್ದೇನೆ, ಬೇರೆಯವರಿಗೆ ಹೇಳಿಯೂ ಇದ್ದೇನೆ. ಆದರೆ ಅದಕ್ಕಾಗಿ ಎದ್ದು ದಾರಿಯವರೆಗೆ ಹೋಗಿ ನಿಂತವಳಲ್ಲ. ಈಗ ಸಂಜೆ ಪ್ರಾರ್ಥನೆಯಲ್ಲಿ ಆ ಮಾತು ಬಂದಾಗ ಚಿಸೊಮೊ ನನ್ನ ಪಕ್ಕದಲ್ಲೇ ಕೂತಿರುತ್ತಾಳೆ. ನಾನು ಬಾಗಿಲ ಕಡೆ ನೋಡುತ್ತೇನೆ.